ಅಪ್ಪನ ಕಿವಿಯ ಎತ್ತರಕ್ಕೆ

ನಮ್ಮಪ್ಪನ ಕಿವಿ ಮಂದವಾದದ್ದು ಮನೆಯವರಿಗೆ ಅಂಥ ಕಷ್ಟವೇನೂ ಕೊಡಲಿಲ್ಲ. ಕಿವಿ ಮಂದವಾದ ಮೇಲೆ ಹುಟ್ಟಿಕೊಂಡ ಅನುಮಾನ ಇದೆಯಲ್ಲ, ಅದು ನಮ್ಮನ್ನು ಹುರಿದು ಮುಕ್ಕಿತು. ಅಜ್ಜಂಪುರದ ಪೇಟೆಯಲ್ಲಿ ಹತ್ತಿ, ಮೆಣಸಿನಕಾಯಿ ವ್ಯಾಪಾರ ಮಾಡಿಕೊಂಡಿದ್ದ ಮನುಷ್ಯ. ಗಿರಾಕಿ ಒಂದು ಕೇಳಿದರೆ ತಾನೊಂದು ತೂಗಿಕೊಡುವ ಹಾಗಾದಾಗ ಅಂಗಡಿಗೆ ಬೀಗ ಹಾಕಿ ಬಂದು, ಪಡಸಾಲೆಯ ಗೋಡೆಗೆ ಒರಗಿ ಕೂತುಬಿಟ್ಟ. ಅಲ್ಲಿಂದ ಅಡುಗೆಮನೆಯ ಬಾಗಿಲು ನೇರ ಕಾಣುತ್ತದೆ. ಅವ್ವ ಮತ್ತು ನನ್ನ ಹೆಂಡತಿ ಒಲೆಯ ಮುಂದೆ ಕೂತು ಬಾಯಾಡಿಸುವುದು ಕಾಣುತ್ತದೆ, ಮಾತು ಮಾತ್ರ ಕೇಳುವುದಿಲ್ಲ. ಕಿವುಡನಿಗೆ ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ.

"ಏನಂದ್ರೇ?" ಎಂದು ಅಲ್ಲಿಂದಲೇ ಕೂಗುತ್ತಿದ್ದ.

ಅವ್ವ 'ಏನಿಲ್ಲ' ಎಂದು ಕೈಯಾಡಿಸುತ್ತಿದ್ದಳು. ಸಾರಿಗೆ ಹುಳಿ ಕಮ್ಮಿಯಾಯಿತು ಅನ್ನುವುದನ್ನು ಇಡೀ ಬೀದಿಗೆ ಕೇಳುವ ಹಾಗೆ ಕಿರುಚಲು ಯಾರಿಗೆ ತಾನೇ ಶಕ್ತಿ ಇದೆ?

"ಏನಿಲ್ಲ ಅನ್ನಾಕೆ ಅಷ್ಟೊತ್ತು ಬಾಯಾಡಿಸ್ಬೇಕೇನ್ರೇ? ನಂಗೊತ್ತು ನಿಮ್ಮ ಮಸಲತ್ತು."

ಅವನ ಪ್ರಕಾರ ಮಸಲತ್ತು ಏನೆಂದರೆ, ನಾವೆಲ್ಲ ಸೇರಿ ಅಂಗಡಿ ಮಾರುತ್ತೇವೆ, ನನ್ನ ಕೆಲಸದ ಊರು ಲಕ್ಕವಳ್ಳಿಗೆ ಗಂಟುಮೂಟೆ ಕಟ್ಟುತ್ತೇವೆ, ಅವನನ್ನು ಯಾವುದೋ ಮಠದ ಜಗುಲಿಗೆ ಸಾಗಹಾಕುತ್ತೇವೆ. "ನೀವು ಕಳ್ಸೋಕೆ ಮುಂಚೆ ನಾನೇ ಹೊಂಟೋಗ್ತೀನಿ" ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದ. ಅವ್ವ ಇದನ್ನು ಕೇಳಿದಾಗೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಿಲಿಗೆ ಹೋಗುತ್ತಿದ್ದಳು. ಹಟಮಾರಿ ಮುದುಕ, ಒಂದು ದಿನ ನಿಜವಾಗಿಯೂ ಹೋಗೇಬಿಟ್ಟರೆ ಏನು ಗತಿ ಅನ್ನುವುದು ಅವಳ ಭಯ. ನನ್ನದೂ ಅದೇ ಭಯ. ಆದರೆ ನಾನು ಗಂಡಸಲ್ಲವೇ, ಅದನ್ನು ಸಿಟ್ಟು ಮಾಡಿ ತೋರಿಸುತ್ತಿದ್ದೆ.

ಆಗ ಭದ್ರಾ ಅಣೆಕಟ್ಟೆಯ ಕೆಲಸ ಇನ್ನೂ ಮುಗಿದಿರಲಿಲ್ಲ. ನಾನು ಲಕ್ಕವಳ್ಳಿಯಲ್ಲಿ ಎಲೆಕ್ಟ್ರಿಕಲ್ ವರ್ಕ್‌ಶಾಪಿನಲ್ಲಿದ್ದೆ. ಶನಿವಾರ ತರೀಕೆರೆಗೆ ಬಂದು ಅಜ್ಜಂಪುರದ ಬಸ್ಸು ಹಿಡಿಯುವುದು, ಸೋಮವಾರ ಬೆಳಿಗ್ಗೆ ವಾಪಸ್ಸು. ಜೊತೆಯವರಿಗೆ ಇಸ್ಪೀಟಿನ ಹುಚ್ಚು, ನನಗೆ ರೇಡಿಯೋ ವಾಲ್ವಿನ ಹುಚ್ಚು. ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತುವುದು, ಆಂಪ್ಲಿಫೈಯರು ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು. ಒಮ್ಮೆ ಅಪ್ಪ ಅಣೆಕಟ್ಟೆ ನೋಡಬೇಕೆಂದು ಬಂದವನು ನನ್ನ ಜೊತೆ ಕ್ಯಾಂಪಿನ ಟೆಂಟ್ ಸಿನಿಮಾಕ್ಕೂ ಬಂದ. ಪರದೆಯ ಹಿಂದೆ ಬೀರುವಿನಷ್ಟು ದೊಡ್ಡ ಸ್ಪೀಕರಿತ್ತು. ನಾವು ತೀರಾ ಮುಂದೆ ಕೂತಿದ್ದೆವು. ಇದ್ದಕ್ಕಿದ್ದಂತೆ ಅಪ್ಪ ನನ್ನ ತೋಳು ಹಿಡಿದ.

"ಲೇ, ಇವ್ನು ಮಾತಾಡೋದು ಕೇಳ್ತದಲ್ಲೋ! ನಿಜವಾಗ್ಲೂ ಕೇಳ್ತದೆ ಕಣೋ!"

ಸುತ್ತ ಕೂತವರು "ಶ್" ಅಂದರು. ಅದು ಅವನಿಗೆ ಕೇಳಲಿಲ್ಲ. ಆ ಕ್ಷಣವೇ ನನ್ನ ತಲೆಗೆ ಹುಳ ಹೊಕ್ಕಿತು. ಮನೆಯ ರೇಡಿಯೋದ ದನಿಯ ತಿರುಪನ್ನು ಎಷ್ಟು ತಿರುವಿದರೂ ಅದರ ಅಂಗೈಯಗಲದ ಸ್ಪೀಕರು ಒಡಕು ಮಡಕೆಯ ಹಾಗೆ ಕಿರುಚುತ್ತಿತ್ತೇ ಹೊರತು ಅಪ್ಪನಿಗೆ ಒಂದು ಮಾತೂ ಬಿಡಿಸಿ ಕೇಳುತ್ತಿರಲಿಲ್ಲ. ದೊಡ್ಡದಾದ, ಸ್ವಚ್ಛವಾದ, ಪದಪದವೂ ಬೇರೆ ಬೇರೆಯಾಗಿ ಕಿವಿಗೆ ಬೀಳುವ ಸ್ಪೀಕರನ್ನು ಮನೆಯಲ್ಲೇ ಕಟ್ಟಬೇಕು. ಅಪ್ಪನಿಗೋಸ್ಕರ ಎಂದು ಎಲ್ಲರಿಗೂ ಹೇಳಿದೆ. ನಿಜ ಹೇಳಬೇಕೆಂದರೆ ಅರ್ಧ ಅಪ್ಪನಿಗೆ, ಅರ್ಧ ನನ್ನ ಹುಚ್ಚಿಗೆ.

ನಮ್ಮ ಇಂಜಿನಿಯರಿಗೆ ಬರುತ್ತಿದ್ದ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಅಂಥದ್ದರ ನಕ್ಷೆ ಸಿಕ್ಕಿತು. ಪೆಟ್ಟಿಗೆ ಬೇಡ, ದಪ್ಪ ಗೋಡೆಯನ್ನೇ ಕೊರೆದು ಒಳಗೆ ಇಟ್ಟಿಗೆ ಕಟ್ಟಿ. ಮುಂದೆ ಎರಡು ಹಲಗೆ ನಿಲ್ಲಿಸಿ, ನಡುವೆ ಒಣಮರಳು ತುಂಬಿ. ಆಗ ಹಲಗೆ ಅದುರುವುದಿಲ್ಲ, ಸ್ಪೀಕರಿನ ಕೋನು, ಅಂದರೆ ಅದರ ಕಾಗದದ ಆಲಿಕೆ, ಮಾತ್ರ ಅದುರುತ್ತದೆ, ದನಿ ಕಲಸಿಹೋಗುವುದಿಲ್ಲ. ಇನ್ನೊಂದು ಸೂಚನೆಯೂ ಇತ್ತು. ಕೇಳುವವನು ಕೂತಾಗ ಅವನ ಕಿವಿ ಎಷ್ಟು ಎತ್ತರಕ್ಕೆ ಇರುತ್ತದೋ ಅಷ್ಟೇ ಎತ್ತರಕ್ಕೆ ಕೋನು ಇರಬೇಕು. ಅಜ್ಜನ ಕಾಲದ ಮಣ್ಣಿನ ಗೋಡೆ ನಮ್ಮ ಮನೆಯಲ್ಲಿ ಬೇಕಾದಷ್ಟು ದಪ್ಪ ಇತ್ತು.

ಅನುಮಾನ ನಮ್ಮ ವಂಶದ ಆಸ್ತಿ, ಅಪ್ಪನೊಬ್ಬನದೇ ಅಲ್ಲ. ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಕೋನು ಕೊಳ್ಳುವಾಗ ಹಿಂದೆ ಮುಂದೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿದೆ, ಬೆರಳಲ್ಲಿ ಒತ್ತಿದೆ, ಮೂಸಿಯೂ ನೋಡಿದೆ. ಹೊಸ ಗೋಂದಿನ ವಾಸನೆ ಬಂದರೆ ಹರಿದದ್ದನ್ನು ಅಂಟಿಸಿದ್ದಾರೆ ಎಂದು ಲೆಕ್ಕ. ಅಂಗಡಿಯವನು "ಸ್ವಲ್ಪ ನೆಕ್ಕಿ ನೋಡಿ ಸಾರ್" ಅಂದ. ತರೀಕೆರೆಯ ಬಡಗಿ ತೇಗ ಎಂದು ಹೇಳಿ ಬೇರೇನಾದರೂ ಕೊಟ್ಟಾನೆಂದು ಅವನು ಹಲಗೆ ಕುಯ್ಯುವಷ್ಟು ಹೊತ್ತೂ ಪಕ್ಕದಲ್ಲೇ ನಿಂತೆ. ಅವನು ಗರಗಸ ನಿಲ್ಲಿಸಿ, "ಸ್ವಾಮೀ, ಸುಮ್ನೆ ಇದರ ಮೇಲೇ ಕೂತ್ಕಂಡ್ಬಿಡಿ, ನಂಗೂ ಭಾರ ಸಿಗ್ತದೆ" ಅಂದ. ನನಗೇನೂ ಬೇಜಾರಾಗಲಿಲ್ಲ. ಹಲಗೆ ತೇಗದ್ದೇ ಆಗಿತ್ತು, ಆದರೂ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನು ಉಗುರಿನಿಂದ ಕೆರೆದು ಕೆರೆದು ನೋಡಿಕೊಂಡು ಬಂದೆ.

ಒಂದು ಭಾನುವಾರ ಅಪ್ಪನ ಕಿವಿಯ ಎತ್ತರ ಅಳೆಯಲು ಹೊರಟೆ. ಅಳೆಯುವ ಟೇಪು ಲಕ್ಕವಳ್ಳಿಯಲ್ಲೇ ಉಳಿದಿತ್ತು. ಅವ್ವನ ಹತ್ತಿರ ದಾರ ಇಸಿದುಕೊಂಡು, ಅಪ್ಪನಿಗೆ ನೆಟ್ಟಗೆ ಕೂರುವಂತೆ ಸನ್ನೆ ಮಾಡಿದೆ. ಚಕ್ಕಳಮಕ್ಕಳ ಹಾಕಿ ಕೂತ. ನೆಲದಿಂದ ಅವನ ಕಿವಿಯವರೆಗೆ ದಾರ ಹಿಡಿದು ಗಂಟು ಹಾಕಿದೆ. ಆಮೇಲೆ ಅವನು ಕೂತಲ್ಲಿಂದ ಎದುರು ಗೋಡೆಯವರೆಗೆ ಹಿಮ್ಮಡಿಗೆ ಬೆರಳು ತಾಗಿಸಿ ಪಾದದ ಮೇಲೆ ಪಾದ ಇಡುತ್ತ ಅಳೆದುಕೊಂಡು ಹೋದೆ. ನನ್ನ ಪಾದವೂ ಅಪ್ಪನ ಪಾದವೂ ಒಂದೇ ಅಳತೆ. ಅವನ ಮೆಟ್ಟು ನಾನು ಹಾಕಿಕೊಂಡು ಹೋಗಿ ಎಷ್ಟೋ ಸಲ ಬೈಸಿಕೊಂಡಿದ್ದೇನೆ. ಅಪ್ಪ ನನ್ನ ಕಾಲನ್ನೇ ನೋಡುತ್ತಿದ್ದ.

"ಏನೋ ಇದು?" ಅಂದ.

ಮುಗಿಯುವವರೆಗೆ ಗುಟ್ಟಾಗಿಟ್ಟು ಒಂದೇ ಸಲ ಕೇಳಿಸಿ ಬೆರಗುಗೊಳಿಸಬೇಕೆಂಬ ಆಸೆ ನನಗೆ. 'ಏನಿಲ್ಲ' ಎಂದು ಕೈಯಾಡಿಸಿದೆ.

ಮುಂದಿನ ವಾರಗಳಲ್ಲಿ ಕೆಲಸ ನಡೆಯಿತು. ನಾನಿರುವ ದಿನ ಗಾರೆಯವನು ಬಂದು ಗೋಡೆ ಕೊರೆಯುತ್ತಿದ್ದ, ಉಳಿದ ದಿನ ಅದು ಹಾಗೇ ಬಾಯಿ ತೆರೆದುಕೊಂಡಿರುತ್ತಿತ್ತು. ಒಬ್ಬ ಮನುಷ್ಯ ಒಳಗೆ ಕೂರಬಹುದಾದಷ್ಟು ದೊಡ್ಡ ಗೂಡು, ಮೂರು ಕಡೆ ಇಟ್ಟಿಗೆ. ಆ ಹೊತ್ತಿಗೆ ಮಳೆ ಹಿಡಿದು ಒಣಮರಳು ಎಲ್ಲೂ ಸಿಗದಾಯಿತು. "ಬೂದಿ ಆಗಲ್ವೇನೋ? ಒಲೆ ತುಂಬ ಅದೇ ಐತೆ" ಎಂದು ಅವ್ವ ಹೇಳಿದಳು. ಯಾಕಾಗಬಾರದು? ಒಣಗಿರುತ್ತದೆ, ನುಣ್ಣಗಿರುತ್ತದೆ. ಅವ್ವನೂ ನನ್ನ ಹೆಂಡತಿಯೂ ದಿನಾ ಬೂದಿ ಜರಡಿ ಹಿಡಿದು ಮೂಟೆಗೆ ತುಂಬತೊಡಗಿದರು. ಮೂಟೆಯನ್ನು ಗೂಡಿನ ಪಕ್ಕದಲ್ಲೇ, ಅಪ್ಪನ ಕಣ್ಣೆದುರಿಗೇ ಇಟ್ಟಿದ್ದರು.

ಹೀಗಿರುವಾಗ ಒಂದು ಶನಿವಾರ ನಾನು ಬಂದಾಗ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿಕೊಂಡಳು.

"ರೀ, ಮಾವ ನಾವು ಬಡ್ಸಿದ್ದು ಮುಟ್ತಾ ಇಲ್ಲ. ಪೇಟೆಯಿಂದ ಬಾಳೆಹಣ್ಣು ತಂದು, ತಾವೇ ಸುಲ್ಕೊಂಡು ತಿಂತಾರೆ. ನೀರೂ ತಾವೇ ಸೇದ್ಕೊತಾರೆ. ನಮ್ಮ ಕೈನಾಗೆ ವಿಷ ಐತೇನೋ ಅನ್ನಂಗೆ ನೋಡ್ತಾರೆ ಕಣ್ರೀ."

"ಹೊಟ್ಟೆ ಕೆಟ್ಟಿರ್ಬೇಕು ಬಿಡೆ" ಅಂದೆ. ಅಪ್ಪ ನನ್ನನ್ನು ನೋಡಿ ಮುಖ ತಿರುಗಿಸಿದ. ನನಗೂ ರೇಗಿತು. ಯಾರಿಗೋಸ್ಕರ ಇಷ್ಟು ಸಾಯುತ್ತಿದ್ದೇನೆ ಎಂದುಕೊಂಡು ಗಾರೆಯ ಕೆಲಸಕ್ಕೆ ಕೂತೆ.

ಅದರ ಮುಂದಿನ ಶನಿವಾರ ಬಂದಾಗ ಅಪ್ಪನ ಜಾಗ ಖಾಲಿ. ಅವ್ವ ಕಂಬ ಹಿಡಿದು ಕೂತಿದ್ದಳು, ಅತ್ತೂ ಅತ್ತೂ ಮುಖ ಊದಿತ್ತು. ಚೀಲದಲ್ಲಿ ಎರಡು ಪಂಚೆ ಹಾಕಿಕೊಂಡು ಅಪ್ಪ ಚೌಳಹಿರಿಯೂರಿಗೆ, ನನ್ನ ಅಕ್ಕನ ಮನೆಗೆ ಹೋಗಿದ್ದ. ಇನ್ನು ಈ ಹೊಸಲು ತುಳಿಯುವುದಿಲ್ಲ ಎಂದು ಹೇಳಿ ಹೋಗಿದ್ದ.

ನಾನು ಹಾಗೇ ತಿರುಗಿ ಬಸ್ಸು ಹತ್ತಿದೆ. ಕಡೂರಿನಲ್ಲಿ ಬಸ್ಸು ಬದಲಿಸಿ ಹೋಗುವಷ್ಟು ಹೊತ್ತೂ ನನ್ನ ಅನುಮಾನ ಅಕ್ಕನ ಮೇಲೆ. ಇವಳೇ ಏನೋ ಊದಿದ್ದಾಳೆ. ಅಂಗಡಿಯ ಜಾಗದ ಮೇಲೆ ಭಾವನಿಗೆ ಕಣ್ಣಿರಬೇಕು. ಅಪ್ಪನನ್ನು ಕರೆಸಿಕೊಂಡು ಬುಟ್ಟಿಗೆ ಹಾಕಿಕೊಳ್ಳುವ ಹುನ್ನಾರ. ಇಷ್ಟನ್ನೆಲ್ಲ ಮನಸ್ಸಿನಲ್ಲೇ ಜಗಳವಾಡಿಕೊಂಡು ಹೋದವನಿಗೆ ಅಕ್ಕ ನೀರೂ ಕೊಡಲಿಲ್ಲ.

"ಬಂದ್ಯಾ ಮಹಾರಾಯ? ಅಪ್ಪ ಇನ್ನೂ ಗಟ್ಟಿಮುಟ್ಟಾಗವ್ನೆ ಕಣೋ. ಅಷ್ಟ್ರೊಳಗೇ ಗೂಡು ಕೊರ್ಸಿದೀಯಂತಲ್ಲೋ! ಥೂ, ನಿನ್ನ ಜನ್ಮಕ್ಕೆ!"

"ಏನು ಗೂಡೇ?"

ಅಪ್ಪ ಜಗುಲಿಯ ಮೂಲೆಯಲ್ಲಿದ್ದ. ನನ್ನ ಬಾಯಿ ಆಡಿದ್ದು ನೋಡಿಯೇ ಎದ್ದ.

"ಕೂತಂಗೇ ಅಳತೆ ತಗೊಂಡ್ಯಲ್ಲೋ! ಪಾದದ ಮ್ಯಾಲೆ ಪಾದ ಇಟ್ಟು ಲೆಕ್ಕ ಹಾಕ್ದಲ್ಲೋ! ಮೂಟೆ ಬೂದಿನೂ ರೆಡಿ ಮಾಡಿಟ್ರಲ್ಲ. ಇನ್ನೇನು ಉಳ್ದಿತ್ತು? ನಾನು ಉಸುರು ಬಿಡೋದೊಂದೇ ಬಾಕಿ. ಹೇಳೋ!"

ಆಗ ನನಗೆ ಅರ್ಥವಾಯಿತು. ನಮ್ಮ ಜನದಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಗುಂಡಿಯ ಒಂದು ಮಗ್ಗುಲಿಗೆ ಗೂಡು ಕೊರೆದು, ಅದರಲ್ಲಿ ಕೂರಿಸಿ, ಸುತ್ತ ವಿಭೂತಿ ತುಂಬಿ ಮುಚ್ಚುತ್ತೇವೆ. ಗುಂಡಿಯ ಅಳತೆ ಸತ್ತವರದೇ ಪಾದದ ಲೆಕ್ಕ. ಇಷ್ಟೆಲ್ಲ ಗೊತ್ತಿದ್ದೂ ನಾನು, ಅವ್ವ, ನನ್ನ ಹೆಂಡತಿ, ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಮನೆಯೊಳಗೆ ಯಾರಾದರೂ ಹೂಳುತ್ತಾರೆಯೇ ಎಂದು ಕೇಳಬಹುದು. ಕಿವಿಗೆ ಏನೂ ಬೀಳದೆ ವಾರಗಟ್ಟಲೆ ಆ ಗೂಡನ್ನೇ ನೋಡುತ್ತ ಕೂತಿದ್ದರೆ ನನಗೂ ಹಾಗೇ ಅನಿಸುತ್ತಿತ್ತು. ನನಗೆ ನಗು ಬಂತು, ನಕ್ಕೂಬಿಟ್ಟೆ. ಅಪ್ಪನ ಕಣ್ಣಲ್ಲಿ ನೀರು ನೋಡಿದ ಮೇಲೆ ನಗು ಗಂಟಲಲ್ಲೇ ಸತ್ತಿತು.

"ಸ್ಪೀಕರ್ ಅಪ್ಪಾ! ಸ್ಪೀಕರ್! ಟೆಂಟಲ್ಲಿ ಕೇಳಿದ್ಯಲ್ಲ, ಅಂಥದ್ದು! ನಿನ್ನ ಕಿವಿಗೆ!" ಎಂದು ಅವನ ಕಿವಿಗೆ ಬಾಯಿಟ್ಟು ಕೂಗಿದೆ. ಬೀದಿಯ ಜನವೆಲ್ಲ ಬಂದು ನಿಂತರು.

"ಸ್ಪೀಕರ್ರಿಗೆ ಬೂದಿ ಯಾತಕ್ಕೋ?"

ಹಲಗೆ ಅದುರುವುದು, ದನಿ ಕಲಸಿಹೋಗುವುದು, ಇಷ್ಟನ್ನೂ ಕೂಗಿ ಹೇಳಿದೆ. ಕೂಗಿ ಕೂಗಿ ಗಂಟಲು ಬಿದ್ದುಹೋಯಿತು. ಬೀದಿಯವರಿಗೆ ಚೆನ್ನಾಗಿ ಅರ್ಥವಾಯಿತು, ಅಪ್ಪನಿಗೆ ಆಗಲಿಲ್ಲ. ಕೊನೆಗೆ ಅಕ್ಕ ನಡುವೆ ಬಂದಳು. "ನಾನೂ ಬತ್ತೀನಿ. ಅದು ಮಾತಾಡಿದ್ರೆ ಸರಿ. ಇಲ್ಲಾಂದ್ರೆ ಅಪ್ಪನ್ನ ಅಲ್ಲಿಂದ್ಲೇ ವಾಪಸ್ ಕರ್ಕಂಡ್ ಬತ್ತೀನಿ" ಅಂದಳು. ಅಪ್ಪ ಒಪ್ಪಿದ. ಒಪ್ಪಿದರೂ ಚೀಲ ಕೈಯಿಂದ ಬಿಡಲಿಲ್ಲ.

ನಾನು ರಜೆ ಹಾಕಿ ಕೂತು ಕೆಲಸ ಮುಗಿಸಿದೆ. ಬೂದಿಯನ್ನು ಅಪ್ಪನ ಕಣ್ಣೆದುರೇ ಹಿತ್ತಿಲಿಗೆ ಸುರಿದು, ಮರಳನ್ನು ಬಾಣಲೆಯಲ್ಲಿ ಹುರಿದು ಒಣಗಿಸಿ ಹಲಗೆಗಳ ನಡುವೆ ತುಂಬಿದೆ. ಕೋನು ಕೂರಿಸಿ, ರೇಡಿಯೋವನ್ನು ನನ್ನ ಆಂಪ್ಲಿಫೈಯರಿಗೆ ಸಿಕ್ಕಿಸಿದೆ. ಮನೆಯವರೆಲ್ಲ ಪಡಸಾಲೆಯಲ್ಲಿ ಸೇರಿದರು. ಅಪ್ಪ ಮಾತ್ರ ಅದರ ಎದುರಿಗೆ ಕೂರಲಿಲ್ಲ. ಬಾಗಿಲ ಪಕ್ಕ, ಎದ್ದು ಓಡಲು ಅನುಕೂಲವಾಗುವಂತೆ ಕೂತ. ಸಂಜೆಯ ವಾರ್ತೆ ಶುರುವಾಯಿತು. ವಾರ್ತೆ ಓದುವವನ ದನಿ ಗೋಡೆಯಿಂದಲೇ ಎದ್ದು ಬಂದಂತೆ ತುಂಬಿಕೊಂಡು ಬಂತು. ಮಾತಿನ ನಡುವೆ ಅವನು ಉಸಿರೆಳೆದುಕೊಳ್ಳುವುದೂ ಕೇಳುತ್ತಿತ್ತು. ಅಪ್ಪನ ಹುಬ್ಬು ಮೇಲೇರಿತು. ಕೂತಲ್ಲೇ ಸ್ವಲ್ಪ ಸ್ವಲ್ಪ ಸರಿದು ಎದುರಿಗೆ ಬಂದ.

"ಕೇಳ್ತದೆ" ಅಂದ. "ಒಂದೊಂದ್ ಮಾತೂ ಕೇಳ್ತದೆ ಕಣೋ."

ಅವ್ವ ಅಲ್ಲೇ ನೆಲ ಮುಟ್ಟಿ ನಮಸ್ಕಾರ ಮಾಡಿದಳು. ನಾನು ಗೆದ್ದೆ ಎಂದುಕೊಂಡೆ. ವಾರ್ತೆ ಮುಗಿಯಿತು. ಅಪ್ಪ ನನ್ನ ಕಡೆ ತಿರುಗಿದ.

"ಅಲ್ಲಯ್ಯಾ, ಬೆಂಗ್ಳೂರಿನೋನು ಮಾತಾಡಿದ್ದು ಕೇಳಿ ನಂಗೇನಾಗ್ಬೇಕು? ಇವ್ರು ಒಳಗೆ ಕೂತು ಮಾತಾಡ್ತಾರಲ್ಲ, ಅದು ಇದ್ರಲ್ಲಿ ಬತ್ತದಾ?"

ಇಂಥ ಪ್ರಶ್ನೆ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ. ಬರುತ್ತದೆ ಎಂದು ತಲೆಯಾಡಿಸಿದೆ. ಮಾರನೆಯ ದಿನವೇ ಕಡೂರಿಗೆ ಹೋಗಿ, ಮದುವೆಗಳಿಗೆ ಮೈಕ್‌ಸೆಟ್ ಕೊಡುವವನಿಂದ ಒಂದು ಮೈಕು ತಂದೆ. ಅಡುಗೆಮನೆಗೆ ಅಂದಾಗ ಅವನು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಒಲೆಯ ಪಕ್ಕದ ಗೋಡೆಯ ಮೊಳೆಗೆ ಮೈಕು ಕಟ್ಟಿ, ತಂತಿಯನ್ನು ಪಡಸಾಲೆಗೆ ಎಳೆದೆ. ಅಪ್ಪ ಗೂಡಿನ ಮುಂದೆ ನೆಟ್ಟಗೆ ಕೂತ, ಚೀಲ ತೊಡೆಯ ಪಕ್ಕದಲ್ಲೇ ಇತ್ತು.

ಸೌದೆ ಚಟಪಟ ಅನ್ನುವುದು ಬಂತು. ಪಾತ್ರೆಗೆ ಸೌಟು ತಾಗಿದ್ದು ಬಂತು. ಬಳೆ ಸದ್ದು ಬಂತು. ಮಾತು ಮಾತ್ರ ಒಂದೂ ಬರಲಿಲ್ಲ. ನಾನು ಹೋಗಿ ಇಣುಕಿದೆ. ಅವ್ವ, ಅಕ್ಕ, ನನ್ನ ಹೆಂಡತಿ ಮೂವರೂ ಮೈಕನ್ನು ಹಾವು ನೋಡಿದಂತೆ ನೋಡುತ್ತ, ಬಾಯಿಗೆ ಬೀಗ ಹಾಕಿಕೊಂಡು ಕೆಲಸ ಮಾಡುತ್ತಿದ್ದರು. ಏನಾದರೂ ಹೇಳುವುದಿದ್ದರೆ ಒಬ್ಬರನ್ನೊಬ್ಬರು ಹಿತ್ತಿಲಿಗೆ ಕರೆದುಕೊಂಡು ಹೋಗುತ್ತಿದ್ದರು. "ಮಾತಾಡ್ರೇ!" ಎಂದು ಪಿಸುಗುಟ್ಟಿದೆ. ಆ ಪಿಸುಮಾತು ಮೈಕಿಗೆ ಬಿದ್ದು ಪಡಸಾಲೆಯಲ್ಲಿ ಗುಡುಗಿತು.

ಅಪ್ಪ ನಕ್ಕ. ಒಳ್ಳೆಯ ನಗುವಲ್ಲ ಅದು.

"ನೋಡ್ದಾ? ನಾನು ಹೇಳ್ಲಿಲ್ವಾ? ನಂಗೆ ಕೇಳ್ತದೆ ಅಂದ್ರೆ ಇವ್ರು ಮಾತೇ ಆಡಲ್ಲ. ಅಂಥಾದ್ದೇ ಆಡ್ಕಂತಿದ್ರು ಅಂತ ಆಯ್ತಲ್ಲ." ಚೀಲ ಎತ್ತಿಕೊಂಡ. "ಮಗಾ, ನಡಿಯವ್ವಾ, ಹೋಗಾಣ" ಎಂದು ಅಕ್ಕನನ್ನು ಕೂಗಿದ.

ನಾನು ಸೋತು ಕಂಬಕ್ಕೆ ಒರಗಿದೆ. ಅಕ್ಕ, ನನ್ನ ಹೆಂಡತಿ ಹೊರಗೆ ಬಂದರು. ಒಳಗೆ ಅವ್ವ ಒಬ್ಬಳೇ ಉಳಿದಳು. ಅಪ್ಪ ಹೊಸಲ ಹತ್ತಿರ ಹೋಗಿದ್ದಾನೆ, ಆಗ ಗೋಡೆಯಿಂದ ಕೆಮ್ಮು ಕೇಳಿತು. ಆಮೇಲೆ ಮಾತು.

"ಏನ್ರೀ... ಕೇಳ್ತದಾ? ದಿನಾ ಏನ್ ಮಾತಾಡ್ತೀರಾ ಅಂತ ಕೇಳ್ತಿದ್ರಲ್ಲ, ಹೇಳ್ತೀನಿ, ನಿಂತ್ಕಳಿ. ಎಮ್ಮೆ ಒದೀತದೆ, ಹಾಲು ಕೊಡಾಕೆ ಸತಾಯಿಸ್ತದೆ ಅಂತ ಮಾತಾಡಿದ್ವಿ. ಸೊಸೆಗೆ ಬೆನ್ನು ನೋವು ಅಂತ ಮಾತಾಡಿದ್ವಿ. ಆಚೆಮನೆಯೋಳು ಹೊಸ ಸೀರೆ ಉಟ್ಕಂಡು ಮೂತಿ ತಿರುವ್ಕಂಡು ಹೋದ್ಲು ಅಂತ ಆಡ್ಕಂಡು ನಕ್ವಿ. ನಿಮ್ಮ ಮಂಡಿಗೆ ಎಣ್ಣೆ ಕಾಯಿಸ್ಬೇಕು ಅಂದ್ವಿ. ಇಷ್ಟೇ ಕಣ್ರೀ. ಇನ್ನೇನೂ ಇರ್ಲಿಲ್ಲ. ನಿಮ್ಮನ್ನ ಕಳ್ಸಿ ನಾನೊಬ್ಳು ಈ ಮನೇಲಿ ಏನ್ ಮಾಡ್ಲಿ?"

ಅಪ್ಪ ಹೊಸಲಲ್ಲೇ ನಿಂತ. ತಿರುಗಿ ಗೂಡನ್ನು ನೋಡಿದ. ಅವನ ಮುಖದಲ್ಲಿ ಮತ್ತೆ ಅದೇ ಅನುಮಾನ.

"ಯಾರೋ ಅದು, ಮುದುಕಿ?"

"ಅವ್ವ!" ಎಂದು ಕೂಗಿದೆ.

"ಸುಳ್ಳು ಹೇಳ್ಬ್ಯಾಡ. ಅವಳ ದನಿ ನಂಗೊತ್ತಿಲ್ವಾ? ಇದು ಯಾರೋ ಮುದುಕಿ. ಯಾರನ್ನೋ ಕೂರ್ಸಿ ಮಾತಾಡಿಸ್ತಾ ಇದೀಯಾ ನೀನು."

ಚೀಲ ಹಿಡಿದುಕೊಂಡೇ ದಡದಡನೆ ಅಡುಗೆಮನೆಗೆ ನಡೆದ. ಕಳ್ಳರನ್ನು ಹಿಡಿಯಲು ಹೋದವನ ಹಾಗೆ ಒಳಗೆಲ್ಲ ಕಣ್ಣಾಡಿಸಿದ. ಅಲ್ಲಿ ಅವ್ವನ ಹೊರತು ಯಾರೂ ಇರಲಿಲ್ಲ. ಮೈಕಿನ ಮುಂದೆ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು. "ನಾನೇ ಕಣ್ರೀ" ಅಂದಳು. ಅವಳ ತುಟಿ ಆಡಿತು, ದನಿ ಅಪ್ಪನ ಬೆನ್ನ ಹಿಂದಿನಿಂದ ಬಂತು. ಅಪ್ಪ ಅವಳ ತುಟಿ ನೋಡಿದ, ತಿರುಗಿ ಪಡಸಾಲೆ ನೋಡಿದ, ಮತ್ತೆ ಅವಳ ತುಟಿ ನೋಡಿದ. ಎಷ್ಟೋ ವರ್ಷ ಅವಳ ಮಾತು ಅವನ ಪಾಲಿಗೆ ಬರೀ ಕೈಸನ್ನೆಯಾಗಿತ್ತು. ಅಷ್ಟರಲ್ಲಿ ಅವಳ ಹಲ್ಲು ಬಿದ್ದಿದ್ದವು, ಗಂಟಲು ಒಣಗಿತ್ತು. ಅದು ನಮಗೂ ಅಷ್ಟಾಗಿ ಗೊತ್ತಾಗಿರಲಿಲ್ಲ, ದಿನಾ ಕೇಳುತ್ತಿದ್ದೆವಲ್ಲ.

ಅಪ್ಪ ಚೀಲವನ್ನು ಒಲೆಯ ಪಕ್ಕ ಇಟ್ಟು ಅವಳ ಹತ್ತಿರ ಹೋದ. ಅವನು ಮೆಲ್ಲಗೆ ಆಡಿದ ಮಾತು ಮೈಕಿಗೆ ಬಿದ್ದು, ಪಡಸಾಲೆಯಲ್ಲಿ ನಿಂತಿದ್ದ ನಮಗೆಲ್ಲ ಉಸಿರಿನ ಸಮೇತ ಕೇಳಿತು.

"ಯಾವಾಗ ಹಿಂಗಾಯ್ತೇ ನಿನ್ನ ದನಿ? ನಂಗ್ಯಾರೂ ಹೇಳ್ಲೇ ಇಲ್ವಲ್ಲೇ."